ಕೇಪ್‌ಟೌನಿನ ನೋಟ್‌ಬುಕ್ಕುಗಳು ಮತ್ತು ಕಂಪ್ಯೂಟರ್ ಸಂಶೋಧನೆ

ಕಂಪ್ಯೂಟರ್ ವಿಜ್ಞಾನದ ಸಂಶೋಧನೆಗೆ ಪ್ರಶ್ನೆ ಎಲ್ಲಿಂದ ಸಿಗುತ್ತದೆ ಅನ್ನೋದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದ ಒಂದು ಉದಾಹರಣೆ ಹೇಳ್ತೇನೆ.

1870ರ ದಶಕದಲ್ಲಿ ವಿಲ್‌ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್, ಖಾಮ್ ಭಾಷಿಕರಿಂದ ಕತೆಗಳನ್ನು ಕೇಳಿ ಬರೆದುಕೊಂಡರು. ಹೇಳಿದವರಲ್ಲಿ ಹಲವರು ಕೇಪ್‌ಟೌನಿಗೆ ಕೈದಿಗಳಾಗಿ ಬಂದವರು. ಇವತ್ತು ಆ ಭಾಷೆ ಆಡುವವರಿಲ್ಲ; ಉಳಿದಿರೋದು ಮುಖ್ಯವಾಗಿ ಈ ನೋಟ್‌ಬುಕ್ಕುಗಳು. ಪುಟಗಳನ್ನು ಸ್ಕ್ಯಾನ್ ಮಾಡಿದ್ದಾಯಿತು. ಆದರೆ ಸ್ಕ್ಯಾನ್ ಅಂದ್ರೆ ಚಿತ್ರ. ಅದರಲ್ಲಿ ಪದ ಹುಡುಕೋಕೆ ಆಗೋದಿಲ್ಲ.

ಪ್ರೊ. ಹುಸೇನ್ ಸುಲೇಮಾನ್ ಅವರ ಮಾರ್ಗದರ್ಶನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಕೈಬರಹವನ್ನು ಯಂತ್ರಕ್ಕೆ ಓದಿಸಲು ಹೊರಟರು. ಓದಿಸುವ ಮೊದಲೇ ತೊಡಕು ಬಂತು. ನಾಲಿಗೆ ಲೊಚಗುಟ್ಟುವ ಧ್ವನಿಗಳಿರುವ ಈ ಭಾಷೆಯನ್ನು ಬರೆಯುವಾಗ ಲ್ಯಾಟಿನ್ ಅಕ್ಷರಗಳ ಮೇಲೂ ಕೆಳಗೂ ಚಿಹ್ನೆಗಳನ್ನು ಪೇರಿಸಲಾಗಿತ್ತು. ಅವನ್ನೆಲ್ಲ ಯೂನಿಕೋಡ್‌ನಲ್ಲಿ ಬರೆದಿಡಲು ಆಗಲಿಲ್ಲ. ಹಾಗಾಗಿ ಲೇಟೆಕ್ ಆಧರಿಸಿ ಬೇರೆಯೇ ಸಂಕೇತ ಪದ್ಧತಿ ಬಳಸಿದರು. ಸ್ವಯಂಸೇವಕರಿಂದ ಪುಟಗಳನ್ನು ನಕಲು ಮಾಡಿಸುವ ಪ್ರಯೋಗವೂ ನಡೆಯಿತು.

2000ದಲ್ಲಿ ದಕ್ಷಿಣ ಆಫ್ರಿಕಾ ತನ್ನ ಲಾಂಛನದ ಧ್ಯೇಯವಾಕ್ಯವನ್ನು ಖಾಮ್ ಭಾಷೆಯಲ್ಲೇ ಇಟ್ಟುಕೊಂಡಿತು. ಅದು ಗೌರವದ ಮಾತು. ನೋಟ್‌ಬುಕ್ಕಿನೊಳಗಿನ ಪದ ಓದುಗರ ಕೈಗೆ ಸಿಗಬೇಕಾದರೆ ಮಾತ್ರ ಇಂಥ ಪ್ರಬಂಧಗಳೇ ಬೇಕು.

ಒತ್ತಕ್ಷರ ಬರೆಯುವ ನಮಗೆ ಈ ತೊಡಕು ಬೇಗ ಅರ್ಥ ಆಗ್ತದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗವಿದೆ. ಆದರೂ ಗಡಿನಾಡಿನ ಮನೆ, ಮಠಗಳ ಹಳೆಯ ಕೈಬರಹಗಳು ಸ್ಕ್ಯಾನ್ ಆದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ. ಅವನ್ನು ಹುಡುಕಿ ಓದುವಂತೆ ಮಾಡೋದನ್ನು ನಮ್ಮಲ್ಲಿ ಯಾರಾದರೂ ಸಂಶೋಧನೆಯ ವಿಷಯವಾಗಿ ತಗೊಳ್ಳಬಹುದಲ್ಲವೇ?