ಅಗಸ್ತ್ಯ ಮತ್ತು ಸುಹೈಲ್: ಜಾನುವಾರುಗಳ ಋತುಮಾನವನ್ನು ಓದುವ ಬಗೆ

ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ ಕುವೈತಿನ ದಕ್ಷಿಣ ದಿಗಂತದಲ್ಲಿ, ಸೂರ್ಯೋದಯಕ್ಕೆ ತುಸು ಮುನ್ನ, ಬೇಸಗೆಯುದ್ದಕ್ಕೂ ಮರೆಯಾಗಿದ್ದ ನಕ್ಷತ್ರವೊಂದು ಮತ್ತೆ ಕಾಣಿಸಿಕೊಳ್ಳುತ್ತದೆ. ಅರಬರು ಅದನ್ನು ಸುಹೈಲ್ ಎಂದು ಕರೆಯುತ್ತಾರೆ. ಭಾರತೀಯ ಜ್ಯೋತಿಷ ಮತ್ತು ವೈದ್ಯಗ್ರಂಥಗಳಲ್ಲಿ ಅದೇ ಅಗಸ್ತ್ಯ. ಎರಡೂ ಪರಂಪರೆಗಳಲ್ಲಿ ಅದರ ಉದಯ ಋತುಸಂಧಿಯ ಸೂಚನೆ. ಆದರೆ ಒಂದು ಕಡೆ ಅದು ನೀರಿನ ವಿಷಯವಾಗಿ ಮಾತನಾಡಿದರೆ, ಇನ್ನೊಂದು ಕಡೆ ಬಿಸಿಲಿನ ವಿಷಯವಾಗಿ ಮಾತನಾಡುತ್ತದೆ. ಕನ್ನಡದ ಪ್ರಾಚೀನ ಪಶುವೈದ್ಯ ಸಾಹಿತ್ಯವನ್ನು ಓದುವವರಿಗೆ ಈ ವ್ಯತ್ಯಾಸ ಒಂದು ಕೀಲಿಕೈ ಆಗಬಲ್ಲದು ಎಂಬುದು ಈ ಲೇಖನದ ಪ್ರತಿಪಾದನೆ.

ಕನ್ನಡದಲ್ಲಿ ಈ ಸಾಹಿತ್ಯದ ಆರಂಭ ಕಲ್ಯಾಣ ಚಾಲುಕ್ಯರ ಕಾಲದ್ದು. ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಜಲಶೋಧ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳನ್ನು ಒಂದೆಡೆ ತಂದ ಕೋಶಗ್ರಂಥ. ಅದಾದ ಸುಮಾರು ಒಂದು ಶತಮಾನದ ಬಳಿಕ, ತ್ರೈಲೋಕ್ಯಮಲ್ಲನ ಮಗನೂ ವಿಕ್ರಮಾಂಕನ ಸಹೋದರನೂ ಆದ ಜೈನಕವಿ ಕೀರ್ತಿವರ್ಮನು ‘ಗೋವೈದ್ಯ’ವನ್ನು (ಸು. 1125) ರಚಿಸಿದನು. ಕುದುರೆ ಮತ್ತು ಆನೆ ರಾಜನ ಸಂಪತ್ತು. ಅವುಗಳ ವೈದ್ಯಕ್ಕೆ ಸಂಸ್ಕೃತದಲ್ಲಿಯೂ, ಕುದುರೆಯ ವೈದ್ಯಕ್ಕೆ ಅರಬ್ಬಿಯಲ್ಲಿಯೂ ಗ್ರಂಥಗಳು ಸಾಕಷ್ಟಿವೆ. ರಾಜವಂಶದವನೊಬ್ಬನು ಹೊಲದ ಎತ್ತು, ಹಟ್ಟಿಯ ಹಸುಗಳ ವ್ಯಾಧಿಗಳನ್ನು ಕುರಿತು ದೇಶಭಾಷೆಯಲ್ಲಿ ಬರೆದದ್ದು ಆ ದೃಷ್ಟಿಯಿಂದ ಗಮನಾರ್ಹ. ‘ಗೋವೈದ್ಯ’ದಲ್ಲಿ ಔಷಧಿಯೊಡನೆ ಮಂತ್ರವೂ ಬೆರೆತಿದೆ ಎಂಬ ಮಾತು ಸಾಹಿತ್ಯಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಬಹುಮಟ್ಟಿಗೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ರೋಗ ಬಂದ ಮೇಲಿನ ಚಿಕಿತ್ಸೆ ಒಂದು ಪ್ರಶ್ನೆ. ಯಾವ ಕಾಲದಲ್ಲಿ ಯಾವ ರೋಗವನ್ನು ನಿರೀಕ್ಷಿಸಿ ಮುನ್ನೆಚ್ಚರಿಕೆ ವಹಿಸಬೇಕು ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಎಲ್ಲಿ ಹುಡುಕಬೇಕು?

ಶಾಸ್ತ್ರದಲ್ಲಿ ಹುಡುಕುವವರಿಗೆ ಮೊದಲು ಎದುರಾಗುವುದು ವಾಗ್ಭಟನ ‘ಅಷ್ಟಾಂಗಹೃದಯ’ದ ಋತುಚರ್ಯೆಯ ಅಧ್ಯಾಯ. ಅಲ್ಲಿ ವರ್ಷಕ್ಕೆ ಆರು ಋತುಗಳು. ಶರದೃತುವಿನಲ್ಲಿ ಹಗಲು ಸೂರ್ಯನಿಂದ ಕಾದು, ಇರುಳು ಚಂದ್ರನಿಂದ ತಣಿದು, ಅಗಸ್ತ್ಯೋದಯದಿಂದ ನಿರ್ವಿಷವಾದ ನೀರಿಗೆ ಅಲ್ಲಿ ಹಂಸೋದಕವೆಂಬ ಹೆಸರು. ಇದು ಮನುಷ್ಯನ ಆರೋಗ್ಯಕ್ಕಾಗಿ ಬರೆದ ಮಾತಾದರೂ, ಮಳೆಗಾಲದ ನೀರನ್ನು ಶಂಕಿಸಬೇಕೆಂಬ ಅದರ ತಿರುಳು ಹಟ್ಟಿಗೂ ಸಲ್ಲುತ್ತದೆ. ನಿಂತ ನೀರು ಮತ್ತು ಜೌಗುಹುಲ್ಲಿನಿಂದ ಯಕೃತ್ತಿನ ಹುಳು, ಒದ್ದೆ ನೆಲದಿಂದ ಕುರಿಗಳ ಗೊರಸಿನ ಕೊಳೆ, ಮಳೆಯ ಬೆನ್ನಿಗೆ ಹೆಚ್ಚುವ ಕಚ್ಚುನುಸಿಗಳಿಂದ ನೀಲಿನಾಲಿಗೆ ರೋಗ, ತೇವದ ದಿನಗಳಲ್ಲಿ ಗಳಲೆರೋಗ: ಕರ್ನಾಟಕದ ರೈತನಿಗೆ ಇವೆಲ್ಲ ಮಳೆಗಾಲದ ಕಾಟಗಳೇ.

ಆದರೆ ದನಗಾಹಿಯ ವರ್ಷಕ್ಕೆ ಆರು ಋತುಗಳಿಲ್ಲ. ಇರುವುದು ಬೇಸಗೆ, ಮಳೆ, ಚಳಿ ಎಂಬ ಮೂರು ಕಾಲಗಳು. ನಮ್ಮ ದನಗಳ ಹಬ್ಬಗಳ ಜಾಗವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಜ್ಯೇಷ್ಠದ ಕಾರಹುಣ್ಣಿಮೆ ಮುಂಗಾರಿನ ಹೊಸ್ತಿಲಲ್ಲಿದೆ. ಉಳುಮೆಗೆ ಇಳಿಯುವ ಮುನ್ನ ಎತ್ತನ್ನು ಮೈತೊಳೆದು, ಬಣ್ಣ ಬಳಿದು, ಓಡಿಸುವ ದಿನವದು. ಅಂದರೆ ಅದರ ಕಾಲು, ಉಸಿರು, ಕಸುವು ಊರೆದುರು ಪರೀಕ್ಷೆಗೊಳಗಾಗುವ ದಿನ. ಬಲಿಪಾಡ್ಯಮಿ ಮಳೆ ಹಿಂದೆ ಸರಿಯುವ ಕಾಲದ್ದು. ಸಂಕ್ರಾಂತಿಯಂದು ಹಳೆಯ ಮೈಸೂರು ಸೀಮೆಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದು ಚಳಿಗಾಲದ ಆಚರಣೆ. ಮೈಗೆ ಹತ್ತಿದ ಉಣ್ಣೆ ಬಿಡುತ್ತದೆಂಬುದು ಅದಕ್ಕೆ ಜನ ಕೊಡುವ ಕಾರಣ. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತಷ್ಟೆ. ಅದರ ಕಾವಲುಗಳನ್ನೂ ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದೇ ವಿಂಗಡಿಸಲಾಗಿತ್ತು. ನೀರು ನೆರಳುಗಳಿರುವ ಕಾವಲಿಗೆ ಬೇಸಗೆಯಲ್ಲಿ ಹಿಂಡನ್ನು ಸಾಗಿಸುವುದೇ ಅಲ್ಲಿ ಮೊದಲ ಆರೋಗ್ಯವಿಧಿ. ಶಾಸ್ತ್ರಗ್ರಂಥದಲ್ಲಿ ಅಧ್ಯಾಯವಾಗದ ಋತುಚರ್ಯೆ ಇಲ್ಲಿ ಹಬ್ಬವಾಗಿ, ಆಡಳಿತದ ಕಟ್ಟಳೆಯಾಗಿ ಉಳಿದಿದೆ.

ಈ ಹಿನ್ನೆಲೆಯಲ್ಲಿ ಕುವೈತಿನ ಕಡೆಗೆ ತಿರುಗಬಹುದು. ಅಲ್ಲಿನ ವಾರ್ಷಿಕ ಮಳೆ ಸರಾಸರಿ 120 ಮಿ.ಮೀ. ಆಸುಪಾಸಿನದು, 2016ರ ಜುಲೈ 21ರಂದು ಮಿತ್ರಿಬಾದಲ್ಲಿ ದಾಖಲಾದ ಉಷ್ಣತೆ 53.9 ಡಿಗ್ರಿ ಸೆಲ್ಸಿಯಸ್. ಇಂಥ ನೆಲದಲ್ಲಿ ಕುರಿಗಾರನ ವರ್ಷ ಎರಡೇ ಭಾಗ: ಬಾವಿಯ ಬಳಿ ತಂಗುವ ಕಾಲ, ಮೇವನ್ನರಸಿ ಚದುರುವ ಕಾಲ. ಕುವೈತಿನಲ್ಲಿ ಬ್ರಿಟಿಷ್ ರಾಜಕೀಯ ಪ್ರತಿನಿಧಿಯಾಗಿದ್ದ ಎಚ್. ಆರ್. ಪಿ. ಡಿಕ್ಸನ್ 1949ರಲ್ಲಿ ಪ್ರಕಟಿಸಿದ ಬದೂಯಿನ್ ಜೀವನದ ಗ್ರಂಥದಲ್ಲಿ ಈ ವಲಸೆಯ ಚಕ್ರ ವಿವರವಾಗಿ ದಾಖಲಾಗಿದೆ. ಸುಹೈಲ್ ಕಂಡಿತೆಂದರೆ ಇರುಳು ತಂಪಾಗತೊಡಗಿತೆಂದು ಅರ್ಥ. ಅಕ್ಟೋಬರ್ ಮಧ್ಯದಿಂದ ಸುಮಾರು 52 ದಿನಗಳ ಅಲ್-ವಸ್ಮ್ ಎಂಬ ಅವಧಿಯಲ್ಲಿ ಮಳೆ ಬಿದ್ದರೆ ಮರುಭೂಮಿ ಹಸಿರಾಗುತ್ತದೆ. ನಕ್ಷತ್ರಗಳಿಂದ ಮಳೆ ಗಾಳಿಗಳನ್ನು ಎಣಿಸುವ ಈ ವಿದ್ಯೆಗೆ ಅರಬ್ಬಿಯಲ್ಲಿ ಗ್ರಂಥಪರಂಪರೆಯೇ ಇದೆ; 9ನೆಯ ಶತಮಾನದ ಇಬ್ನ್ ಕುತೈಬನ ‘ಕಿತಾಬ್ ಅಲ್-ಅನ್ವಾ’ ಅದರಲ್ಲಿ ಪ್ರಸಿದ್ಧ. ಕುವೈತಿನ ಖಗೋಳಜ್ಞ ಸಾಲಿಹ್ ಅಲ್-ಉಜೈರಿ (1920–2022) ಸಿದ್ಧಪಡಿಸಿದ ಪಂಚಾಂಗ ಆ ಎಣಿಕೆಯನ್ನು ಇಂದಿನ ಮನೆಗಳಿಗೂ ತಲುಪಿಸಿದೆ.

ಹೀಗೆ ಒಂದೇ ನಕ್ಷತ್ರದ ಉದಯಕ್ಕೆ ಎರಡು ಅರ್ಥಗಳು ಒದಗಿದವು. ಕನ್ನಡ ನಾಡಿನಲ್ಲಿ ಜಾನುವಾರುಗಳಿಗೆ ಅಪಾಯ ಹೆಚ್ಚುವುದು ಹುಲ್ಲು ಚಿಗುರಿದಾಗ, ನೀರು ತುಂಬಿದಾಗ. ಆದುದರಿಂದ ಅಗಸ್ತ್ಯನು ನೀರನ್ನು ತಿಳಿಗೊಳಿಸುವವನು. ಕುವೈತಿನಲ್ಲಿ ಅಪಾಯ ನೀರೂ ನೆರಳೂ ಇಲ್ಲದ ತಿಂಗಳುಗಳದ್ದು. ಬಿಸಿಲಿಗೆ ಕುರಿ ಮೇವು ತಿನ್ನುವುದನ್ನು ಕಡಿಮೆ ಮಾಡುತ್ತದೆ, ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ, ಹಸುವಿನ ಹಾಲು ಇಳಿಯುತ್ತದೆ. ಆದುದರಿಂದ ಸುಹೈಲ್ ತಾಪವನ್ನು ತಗ್ಗಿಸುವವನು. ಮುಂಗಾರಿಗೆ ಮೊದಲೇ ಗಳಲೆರೋಗ, ಚಪ್ಪೆರೋಗಗಳ ಲಸಿಕೆ ಹಾಕಿಸಿ ಎಂದು ಕರ್ನಾಟಕದ ಪಶುವೈದ್ಯರು ಇಂದು ನೀಡುವ ಸಲಹೆ ಹೆಚ್ಚುಕಡಿಮೆ ಕಾರಹುಣ್ಣಿಮೆಯ ದಿನಗಳಿಗೇ ಹೊಂದುತ್ತದೆ. ಈ ದಿನಸೂಚಿಯನ್ನು ಹಾಗೆಯೇ ಕುವೈತಿಗೆ ಒಯ್ದರೆ ಅರ್ಥವಿಲ್ಲ. ಅಲ್ಲಿ ಅದು ಕಡುಬೇಸಗೆ.

ನಕ್ಷತ್ರದ ಎಣಿಕೆಗೂ ಒಂದು ಮಿತಿಯಿದೆ. ಶತಮಾನಗಳ ಕಾಲ ಹಟ್ಟಿಗಳನ್ನು ಬರಿದು ಮಾಡಿದ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾದದ್ದು ಲಸಿಕೆಯಿಂದ ಮತ್ತು ನಿರಂತರ ಕಣ್ಗಾವಲಿನಿಂದ. 2025ರ ಏಪ್ರಿಲ್‌ನಲ್ಲಿ ಕುವೈತಿನ ಸುಲೈಬಿಯಾದ ಹೈನುದನಗಳಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು. ಸೋಂಕಿದ ದನ, ವಾಹನ, ಮನುಷ್ಯರ ಸಂಚಾರದ ಜಾಡು ಹಿಡಿದು ಹರಡುವ ಇಂಥ ರೋಗವನ್ನು ಯಾವ ನಕ್ಷತ್ರದ ಉದಯವೂ ಮುಂದಾಗಿ ಸೂಚಿಸಲಾರದು.

ಆದರೂ ಗ್ರಂಥಸಂಪಾದಕರಿಗೆ ಈ ಹೋಲಿಕೆಯಿಂದ ಒಂದು ಪಾಠವಿದೆ. ‘ಗೋವೈದ್ಯ’ದಂಥ ಕೃತಿಯನ್ನು ಓದುವಾಗ ಪಕ್ಕದಲ್ಲಿ ಸಂಸ್ಕೃತ ನಿಘಂಟು ಇದ್ದರೆ ಸಾಲದು, ಮಳೆನಕ್ಷತ್ರಗಳ ಪಟ್ಟಿ, ದನಗಳ ಹಬ್ಬಗಳು, ಕಾವಲುಗಳ ವಿಂಗಡಣೆ ಇವೂ ಇರಬೇಕು. ಕುರಿಗಳ ವಿಷಯದಲ್ಲಂತೂ ಹಾಲುಮತದವರ ಮೌಖಿಕ ಪರಂಪರೆಯನ್ನು ಬಿಟ್ಟು ಮುಂದೆ ಹೋಗಲಾಗದು. ಮಂತ್ರವೆಂದು ಬದಿಗಿಟ್ಟ ಭಾಗವನ್ನೂ ‘ಇದನ್ನು ಮಾಡುತ್ತಿದ್ದುದು ಯಾವ ಕಾಲದಲ್ಲಿ?’ ಎಂಬ ಪ್ರಶ್ನೆಯೊಡನೆ ಮತ್ತೆ ಓದಬೇಕಾಗಿದೆ. ಮುಂಗಾರಿನ ಹೊಸ್ತಿಲಲ್ಲಿ ಜಪಿಸಿದ ಮಂತ್ರ ರೋಗವನ್ನು ತಡೆಯದಿರಬಹುದು. ಆದರೆ ಅಂದು ಹಟ್ಟಿಯ ಪ್ರತಿಯೊಂದು ದನದ ಮೇಲೂ ಒಡೆಯನ ಕಣ್ಣು ಹಾಯ್ದಿರುತ್ತದೆ.