ಎರಡು ನಗರಗಳ ಕಾಲ್ಚೆಂಡಿನ ವೈರ

ಆಂಗ್ಲದೇಶದ ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಫುಟ್‌ಬಾಲ್ ಸಂಘಗಳ ವೈರದ ಬೇರು ವ್ಯಾಪಾರದಲ್ಲಿರುವುದು. ಮ್ಯಾಂಚೆಸ್ಟರಿನ ಗಿರಣಿಗಳ ಹತ್ತಿಯು ಲಿವರ್‌ಪೂಲಿನ ಬಂದರಿನಲ್ಲಿ ಸುಂಕ ತೆತ್ತು ಬರಬೇಕಾಗಿದ್ದಿತು. ಇದನ್ನು ತಪ್ಪಿಸಲು ಮ್ಯಾಂಚೆಸ್ಟರಿನವರು 36 ಮೈಲಿಯ ಹಡಗುಗಾಲುವೆಯನ್ನು ತೋಡಿಸಿ 1894ರ ಜನವರಿಯಲ್ಲಿ ತೆರೆದರು. ಅದೇ ಏಪ್ರಿಲಿನಲ್ಲಿ ಈ ಸಂಘಗಳ ಮೊದಲ ಪಂದ್ಯ ನಡೆಯಿತು. ಆಗ ನ್ಯೂಟನ್ ಹೀತ್ ಎನಿಸಿಕೊಂಡಿದ್ದ ಮ್ಯಾಂಚೆಸ್ಟರ್ ಸಂಘವು 2-0 ಗೋಲುಗಳಿಂದ ಸೋತು ಎರಡನೆಯ ದರ್ಜೆಗಿಳಿಯಿತು.

ವೈರದೊಳಗೂ ಋಣವುಂಟು. 1945ರಲ್ಲಿ ಯುನೈಟೆಡ್ಡಿನ ಸಾರಥ್ಯ ವಹಿಸಿ ಅದನ್ನು ಬೆಳಗಿಸಿದ ಮ್ಯಾಟ್ ಬಸ್ಬಿಯವರು ಮೊದಲು ಲಿವರ್‌ಪೂಲಿನ ಆಟಗಾರರು. ದುಃಖವೂ ಇಬ್ಬರಿಗುಂಟು: 1958ರ ಮ್ಯೂನಿಕ್ ವಿಮಾನಾಪಘಾತದಲ್ಲಿ ಯುನೈಟೆಡ್ಡಿನ 8 ಆಟಗಾರರು ಸೇರಿ 23 ಮಂದಿ ಮಡಿದರು, 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ಜನಸಂದಣಿಯಲ್ಲಿ ಸಿಲುಕಿ ಲಿವರ್‌ಪೂಲಿನ 97 ಅಭಿಮಾನಿಗಳು ಪ್ರಾಣ ತೆತ್ತರು. ಈ ಮರಣಗಳನ್ನೇ ಹಾಡಿ ಅಣಕಿಸಿದವರು ಎರಡು ಪಕ್ಷಗಳಲ್ಲಿಯೂ ಇದ್ದರೆಂಬುದು ಶೋಚನೀಯ. ಜಿಗೀಷೆಯು ಕ್ರೀಡೆಗೆ ಭೂಷಣ; ಮೃತರ ನಿಂದೆಯು ಯಾವ ಜಯಕ್ಕೂ ಶೋಭೆ ತಾರದು.