ಖಾಲಿ ಗಾಡಾದ ಎತ್ತು, ತೆರಬಂಡಿಯ ಎತ್ತು: ಎರಡು ಪ್ರೊಸೆಸರ್ ತಳಿಗಳ ಕಥಿ

ಪೋಸ್ಟ್ 1/9

ಫೋಟೊದಾಗ ಕಾಣೋದು ದೇವಿಕೊಪ್ಪದ ನಮ್ಮ ಮನಿ ಪಡಸಾಲಿ. ಮೂಲ್ಯಾಗ ಗೋವಿನಜೋಳದ ಚೀಲ, ಅದರ ಮಗ್ಗಲಕ್ಕ ಒಂದು ಖಾಲಿ ಟೇಬಲ್. ಆ ಟೇಬಲ್ ಮೇಲೆ ಕಂಪ್ಯೂಟರ್ ಬರಬೇಕಿತ್ತು. ಫಸಲು ಮಾರಿದ ರೊಕ್ಕದಾಗ ಅಪ್ಪ 40,000 ರೂಪಾಯಿ ತೆಗೆದಿಟ್ಟಿದ್ದ. "ಒಂದ ಸಲ ಕೊಡ್ತೀನಿ, ಮತ್ತ ಕೇಳಬ್ಯಾಡ" ಅಂತಲೂ ಹೇಳಿದ್ದ.

ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಹಳೆಯ ಸರ್ವರ್‌ನಿಂದ ಬಿಚ್ಚಿದ 8 ಕೋರ್‌ನ ಇಂಟೆಲ್ ಜಿಯಾನ್. ಬೋರ್ಡು, 32 ಜಿಬಿ ರ‍್ಯಾಮ್ ಸಮೇತ ಸೆಕೆಂಡ್ ಹ್ಯಾಂಡ್. ಇನ್ನೊಂದು, ಹೊಸ 6 ಕೋರ್‌ನ ಡೆಸ್ಕ್‌ಟಾಪ್ ಪ್ರೊಸೆಸರ್, 16 ಜಿಬಿ ರ‍್ಯಾಮ್. ತಮ್ಮನಿಗೆ ಗೇಮ್ ಬೇಕು. ನನಗೆ ಡಿಪ್ಲೊಮಾ ಪ್ರಾಜೆಕ್ಟಿಗೆ ವರ್ಚುವಲ್ ಮಶೀನ್ ಓಡಿಸಬೇಕು. ಕ್ಲಾಸ್ ಗ್ರೂಪಿನಲ್ಲಿ ಕೇಳಿದೆ. ಅರ್ಧ ಮಂದಿ "ಜಿಯಾನ್ ತಗೋ, 8 ಕೋರ್ ಐತಿ" ಅಂದ್ರು. ಇನ್ನರ್ಧ ಮಂದಿ "ಹಳೆ ಸಾಮಾನು ಮುಟ್ಟಬ್ಯಾಡ" ಅಂದ್ರು. ಯಾಕೆ ಅಂತ ಕೇಳಿದರೆ ಎಲ್ಲರೂ ಸುಮ್ಮನಾದರು.

ಅಪ್ಪನಿಗೆ ಎರಡನ್ನೂ ವಿವರಿಸಿದೆ. ಆತ ಕೇಳಿದ್ದು ಒಂದೇ ಮಾತು: "ಎತ್ತು ತರಾಕ ಹೋದ್ರ ಮೊದಲ ಏನ್ ಕೇಳ್ತಾರ? ಖಾಲಿ ಗಾಡಾ ಓಡಸಾಕೋ, ತೆರಬಂಡಿ ಎಳಸಾಕೋ?"

ಗೊತ್ತಿಲ್ಲದವರಿಗೆ: ಖಾಲಿ ಗಾಡಾ ಸ್ಪರ್ಧೆಯಲ್ಲಿ ಒಂದು ನಿಮಿಷಕ್ಕೆ ಎಷ್ಟು ಫೂಟು ಓಡಿದವು ಅನ್ನೋದೇ ಲೆಕ್ಕ. ತೆರಬಂಡಿಯಲ್ಲಿ ಗಾಲಿ ಉರುಳದಂತೆ ಕಟ್ಟಿದ ಭಾರದ ಬಂಡಿಯನ್ನು ಎಳೆಯಬೇಕು. ಪ್ರೊಸೆಸರ್‌ಗಳಲ್ಲಿ ಈ ಎರಡು ತಳಿ ಯಾವಾಗ ಬೇರೆ ಆದವು? ಅದನ್ನ ಹುಡುಕಿ ಓದಿದೆ. ಬರ್ರಿ, ಮೊದಲಿಂದ ನೋಡೋಣ.

ಪೋಸ್ಟ್ 2/9

ಮೊದಲಿಗೆ ಎರಡು ತಳಿ ಇರಲೇ ಇಲ್ಲ. ಇಂಟೆಲ್ 1978ರಲ್ಲಿ 8086 ಚಿಪ್ ತಂದಿತು. ಅದರ ತಮ್ಮನಂಥ 8088 ಅನ್ನು ಐಬಿಎಂ 1981ರಲ್ಲಿ ತನ್ನ ಪಿಸಿಗೆ ಹಾಕಿತು. ಅದು ಮೇಜಿನ ಮೇಲಿನ ಸಣ್ಣ ಯಂತ್ರ. ದೊಡ್ಡ ಲೆಕ್ಕಕ್ಕೆ ಮೇನ್‌ಫ್ರೇಮ್, ಸೂಪರ್ ಕಂಪ್ಯೂಟರ್ ಬೇರೆಯೇ ಇದ್ದವು.

ಆದರೆ ನಮ್ಮ ಬೆಂಗಳೂರಿನಲ್ಲೇ ಒಂದು ಮಜಾ ಆಯ್ತು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್‌ನಲ್ಲಿ, ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆ ಅನ್ನುವ ಲೆಕ್ಕ ಮಾಡಬೇಕಿತ್ತು. ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ಸಾಮಾನ್ಯ 8086 ಚಿಪ್‌ಗಳನ್ನೇ, ಜೊತೆಗೆ ದಶಾಂಶದ ಲೆಕ್ಕಕ್ಕೆ 8087 ಚಿಪ್‌ಗಳನ್ನು, ಒಟ್ಟಿಗೆ ಹೂಡಿ ಫ್ಲೋಸಾಲ್ವರ್ ಕಟ್ಟಿತು. ಭಾರತದ ಮೊದಲ ಸಮಾನಾಂತರ ಕಂಪ್ಯೂಟರ್ ಅದು. ಒಂದು ದೊಡ್ಡ ಎತ್ತು ಸಿಗದಿದ್ದರೆ ನಾಲ್ಕು ಸಣ್ಣ ಎತ್ತು ಕಟ್ಟು ಅನ್ನುವ ಜಾಣತನ!

ಗಾಳಿಯ ಲೆಕ್ಕವನ್ನು ಹೊಲ ಹಂಚಿದಂತೆ ಹಂಚಬಹುದು. ಎಲ್ಲ ಲೆಕ್ಕವೂ ಹಂಗಿಲ್ಲ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದ: ಕೆಲಸದ ಅರ್ಧ ಭಾಗ ಒಂದರ ಹಿಂದೆ ಒಂದು ಆಗಬೇಕಾದ್ದಾದರೆ, ನೂರು ಚಿಪ್ ಹಾಕಿದರೂ ವೇಗ ಎರಡು ಪಟ್ಟು ದಾಟೋದಿಲ್ಲ. ಈ ಮಾತು ನೆನಪಿಡ್ರಿ. ಗೇಮ್ ಆಡುವಾಗ 8 ಕೋರ್ ಯಾಕೆ ಸುಮ್ಮನೆ ಕೂತಿರುತ್ತವೆ ಅನ್ನೋದಕ್ಕೆ ಉತ್ತರ ಇಲ್ಲೇ ಐತಿ.

ಪೋಸ್ಟ್ 3/9

1989ರಲ್ಲಿ ಕಾಂಪ್ಯಾಕ್ ಕಂಪನಿ ಸಿಸ್ಟಂಪ್ರೊ ಅನ್ನುವ ಯಂತ್ರ ತಂದಿತು. ಪಿಸಿಯ ಚಿಪ್ಪೇ, ಆದರೆ ಎರಡು ಹಾಕಬಹುದು. ಆಫೀಸಿನ ಹತ್ತಾರು ಜನ ಒಂದೇ ಯಂತ್ರದ ಫೈಲು ಬಳಸಬಹುದು. ಪಿಸಿ ಚಿಪ್ ಸರ್ವರ್ ಆಗುವ ದಾರಿ ಹೀಗೆ ತೆರೆಯಿತು.

1995ರ ನವೆಂಬರಿನಲ್ಲಿ ಬಂತು ಪೆಂಟಿಯಂ ಪ್ರೊ. ಅದರ ಪ್ಯಾಕೇಜಿನ ಒಳಗೇ ದೊಡ್ಡ ಕ್ಯಾಶ್ ಇತ್ತು. ಕ್ಯಾಶ್ ಅಂದ್ರ ಕೈಗೆ ಸಿಗುವಂತೆ ಇಟ್ಟ ಗೂಡು. ಪ್ರತಿ ಸಲ ಕಣಜಕ್ಕೆ, ಅಂದರೆ ರ‍್ಯಾಮ್‌ಗೆ, ಓಡೋದು ತಪ್ಪುತ್ತದೆ. ನಾಲ್ಕು ಪೆಂಟಿಯಂ ಪ್ರೊ ಒಂದೇ ಬೋರ್ಡಿನ ಮೇಲೆ ಕೂಡುತ್ತಿದ್ದವು. ಇಂಥ ಸಾವಿರಾರು ಚಿಪ್ ಕೂಡಿಸಿ ಅಮೆರಿಕದಲ್ಲಿ ಕಟ್ಟಿದ ಆಸ್ಕಿ ರೆಡ್, ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕದ ಗಡಿ ದಾಟಿದ ಮೊದಲ ಸೂಪರ್ ಕಂಪ್ಯೂಟರ್ ಆಯಿತು.

ಅಷ್ಟು ಗಟ್ಟಿ ಚಿಪ್ ಮನೆಯಲ್ಲಿ ಮಾತ್ರ ಸೋತಿತು! ಯಾಕಂದ್ರ ಅದನ್ನು ಮಾಡಿದ್ದು 32 ಬಿಟ್ ಸಾಫ್ಟ್‌ವೇರ್‌ಗೆ. ಮನೆಗಳಲ್ಲಿದ್ದ ವಿಂಡೋಸ್ 95ರಲ್ಲಿ ಹಳೆಯ 16 ಬಿಟ್ ಕೋಡ್ ಬೇಕಾದಷ್ಟು ಇತ್ತು. ಅದನ್ನು ಓಡಿಸುವಾಗ ಅಗ್ಗದ ಪೆಂಟಿಯಂ ಎದುರು ದುಬಾರಿ ಪ್ರೊಗೆ ಯಾವ ಲಾಭವೂ ಕಾಣಲಿಲ್ಲ. "ಸರ್ವರ್ ಚಿಪ್ ಅಂದ್ರ ಎಲ್ಲಾದಕ್ಕೂ ಚಲೋ" ಅನ್ನುವ ನಂಬಿಕೆ ಆಗಲೇ ಮುರಿದಿತ್ತು.

ಪೋಸ್ಟ್ 4/9

ತಳಿ ಖರೇನೆ ಬೇರೆ ಆಗಿದ್ದು 1998ರಲ್ಲಿ. ಜೂನ್ ಕೊನೆಗೆ ಇಂಟೆಲ್ "ಪೆಂಟಿಯಂ 2 ಜಿಯಾನ್" ತಂದಿತು. ಜಿಯಾನ್ ಅನ್ನುವ ಹೆಸರು ಹುಟ್ಟಿದ್ದೇ ಅಲ್ಲಿ. ಒಳಗಿನ ಕೋರ್ ಸಾಮಾನ್ಯ ಪೆಂಟಿಯಂ 2ರದ್ದೇ. ಫರಕು ಕ್ಯಾಶ್‌ನಲ್ಲಿ: ಪೆಂಟಿಯಂ 2ರ ಕ್ಯಾಶ್ ಅರ್ಧ ವೇಗದಲ್ಲಿ ಓಡಿದರೆ ಜಿಯಾನ್‌ನದು ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಜೊತೆಗೆ ನಾಲ್ಕು ಚಿಪ್ ಒಟ್ಟಿಗೆ ಹೂಡಲು ಪರವಾನಗಿ.

ಎರಡೇ ತಿಂಗಳಿಗೆ ಅದೇ ಕಂಪನಿಯ ಅಗ್ಗದ ಸೆಲೆರಾನ್ 300ಎ ಬಂತು. ಕ್ಯಾಶ್ ಸಣ್ಣದು, ಬರೇ 128 ಕೆಬಿ, ಆದರೆ ಪೂರ್ತಿ ವೇಗದ್ದು. ಗೇಮ್ ಹುಡುಗರು ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರು. 300ರ ಚಿಪ್ 450ಕ್ಕೆ ಓಡಿತು. ಆಟದಲ್ಲಿ ಅದು ಎಷ್ಟೋ ಪಟ್ಟು ದುಬಾರಿಯ ಪೆಂಟಿಯಂ 2ರ ಸಮಕ್ಕೆ ನಿಂತಿತು. 1999ರಲ್ಲಿ ಏಬಿಟ್ ಕಂಪನಿಯ ಬಿಪಿ6 ಬೋರ್ಡಿನಲ್ಲಿ ಎರಡು ಸೆಲೆರಾನ್ ಹಾಕಿ ಬಡವರ ಸರ್ವರ್ ಮಾಡಿದವರೂ ಇದ್ದರು.

ನನಗೆ ಇಲ್ಲಿ ಒಂದು ವಿಷಯ ತಿಳೀತು. ಎರಡು ತಳಿ ಹುಟ್ಟಿದ್ದು ಒಂದೇ ಕೊಟ್ಟಿಗೆಯಲ್ಲಿ. ಯಾವುದನ್ನು ತೆರೆದಿಡಬೇಕು, ಯಾವುದಕ್ಕೆ ಬೀಗ ಹಾಕಬೇಕು, ಯಾವುದಕ್ಕೆ ಗ್ಯಾರಂಟಿ ಕೊಡಬೇಕು ಅನ್ನುವ ಕಂಪನಿಯ ನಿರ್ಧಾರವೇ ಅವನ್ನು ಬೇರೆ ಮಾಡಿತು.

ಪೋಸ್ಟ್ 5/9

ಹಂಗಾರ ಸರ್ವರ್ ಚಿಪ್ ಅಂದ್ರ ಬರೇ ದೊಡ್ಡ ಹೆಸರೇನು? ಅಲ್ಲ. ಅದು ಕೊಡುವ ಒಂದು ಮಾತು ಬಾಳ ದೊಡ್ಡದು: ತಪ್ಪು ಲೆಕ್ಕ ಕೊಡೋದಿಲ್ಲ ಅನ್ನೋದು.

2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಖಾರ್‌ಬೇಕ್‌ನಲ್ಲಿ ಚುನಾವಣೆ ನಡೆಯಿತು. ಕಂಪ್ಯೂಟರ್ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ ಸಿಗಲು ಸಾಧ್ಯವೇ ಇಲ್ಲದಷ್ಟು ಮತ ಬಂದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದು ಸರಿಯಾಗಿ 4,096. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಮೆಮೊರಿಯ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಾನೇ ತಿರುಗಿದೆ ಅಂತ ಪರಿಶೀಲಿಸಿದವರು ಹೇಳಿದರು.

ಈಗ ನಮ್ಮ ಕಡೆ ಬರ್ರಿ. ಕರ್ನಾಟಕ ಸರ್ಕಾರದ ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಹೋದವು. ನಾವು ಉತಾರ ಅಂತೀವಲ್ಲ, ಅದೇ. ಕೈಬರಹದ ಉತಾರ ನಿಂತು, ಯಂತ್ರದಿಂದ ಬಂದ ಕಾಗದವೇ ಖರೆ ಆಯಿತು. ಅಂಥ ಜಾಗದಲ್ಲಿ ಒಂದು ಬಿಟ್ ತಿರುಗಿದರೆ ಎಕರೆಯ ಲೆಕ್ಕವೇ ತಿರುಗಬಹುದು.

ಇದಕ್ಕೇ ಇಸಿಸಿ ಮೆಮೊರಿ. ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚಿಗೆ ಕಾವಲು. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ಜಿಯಾನ್ ಇದನ್ನು ಬಳಸುತ್ತದೆ. ಗೇಮ್‌ನಲ್ಲಿ ಒಂದು ಬಿಟ್ ತಪ್ಪಿದರೆ ಒಂದು ಚುಕ್ಕಿಯ ಬಣ್ಣ ಬದಲಾದೀತು, ಬಾಳ ಅಂದ್ರ ಗೇಮ್ ಬಂದ್ ಆದೀತು. ಯಾರ ಹೊಲವೂ ಹೋಗೋದಿಲ್ಲ.

ಪೋಸ್ಟ್ 6/9

2003ರಲ್ಲೇ ಇನ್ನೊಂದು ನಾಟಕ ನಡೀತು. ಎಎಂಡಿ ಕಂಪನಿ ಏಪ್ರಿಲ್‌ನಲ್ಲಿ ಆಪ್ಟೆರಾನ್ ಅನ್ನುವ 64 ಬಿಟ್ ಸರ್ವರ್ ಚಿಪ್ ತಂದಿತು. ಸೆಪ್ಟೆಂಬರ್‌ನಲ್ಲಿ ಗೇಮ್ ಆಡುವವರಿಗಾಗಿ ಅಥ್ಲಾನ್ 64 ಎಫ್‌ಎಕ್ಸ್-51 ಬಂತು. ಅದರ ಸಾಕೆಟ್ ಸರ್ವರ್‌ನದ್ದೇ, ಬೇಡುವ ರ‍್ಯಾಮ್ ಸರ್ವರ್‌ನದ್ದೇ. ಆಪ್ಟೆರಾನ್‌ಗೇ ಹೊಸ ಅಂಗಿ ತೊಡಿಸಿದಂಗ.

ಅದೇ ತಿಂಗಳು ಇಂಟೆಲ್ ಕೂಡ ಪೆಂಟಿಯಂ 4 ಎಕ್ಸ್‌ಟ್ರೀಮ್ ಎಡಿಷನ್ ಬರುತ್ತದೆ ಅಂತ ಘೋಷಿಸಿತು. ಒಳಗೆ ಇದ್ದದ್ದು ಜಿಯಾನ್‌ನ ಕೋರ್, ಜೊತೆಗೆ 2 ಎಂಬಿಯ ಮೂರನೇ ಹಂತದ ಕ್ಯಾಶ್.

ಎರಡೂ ಕಂಪನಿಗಳು ತೆರಬಂಡಿಯ ಎತ್ತಿಗೆ ಗೊಂಡೆ ಕಟ್ಟಿ ಖಾಲಿ ಗಾಡಾಕ್ಕೆ ಇಳಿಸಿದವು. ಓಡಿದವು ಹೌದು. ರೊಕ್ಕ ಮಾತ್ರ ಸಾಮಾನ್ಯರ ಕೈಗೆ ಎಟುಕಲಿಲ್ಲ.

ಪೋಸ್ಟ್ 7/9

ಈ ಪೋಸ್ಟ್ ನನಗೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರ ಇದು ಕರ್ನಾಟಕದ್ದು. ಇಂಟೆಲ್‌ನ ಬೆಂಗಳೂರು ತಂಡ ನಾಲ್ಕು ಕೋರ್‌ನ ಒಂದು ಜಿಯಾನ್ ಮೇಲೆ ಕೆಲಸ ಮಾಡುತ್ತಿತ್ತು. ಅದರ ಗುಪ್ತನಾಮ ವೈಟ್‌ಫೀಲ್ಡ್. ಹೌದು, ಬೆಂಗಳೂರಿನ ಅದೇ ವೈಟ್‌ಫೀಲ್ಡ್! 2005ರ ಅಕ್ಟೋಬರ್‌ನಲ್ಲಿ ಕಂಪನಿ ಆ ಚಿಪ್ ಕೈಬಿಟ್ಟಿತು. ವರ್ಷಗಟ್ಟಲೆ ದುಡಿದದ್ದು ಅಂಗಡಿಗೆ ಬರಲೇ ಇಲ್ಲ.

ಬೆಂಗಳೂರಿನವರು ಬಿಡಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಅವರು ವಿನ್ಯಾಸ ಮಾಡಿದ ಡನಿಂಗ್ಟನ್, ಅಂದರೆ ಜಿಯಾನ್ 7400 ಸರಣಿ, ಬಿಡುಗಡೆ ಆಯಿತು. ಇಂಟೆಲ್‌ನ ಮೊದಲ ಆರು ಕೋರ್ ಚಿಪ್ ಅದು. 190 ಕೋಟಿ ಟ್ರಾನ್ಸಿಸ್ಟರ್, 16 ಎಂಬಿವರೆಗೆ ಮೂರನೇ ಹಂತದ ಕ್ಯಾಶ್.

ಅದರೊಳಗಿನ ಕೋರ್‌ಗಳು ಆ ಹೊತ್ತಿನ ಮನೆ ಕಂಪ್ಯೂಟರ್‌ಗಳ ಕೋರ್ 2 ಡ್ಯುಯೊ ವಂಶದವೇ. ಮೂರು ಜೋಡಿ ಎತ್ತು ಒಂದೇ ನೊಗಕ್ಕೆ! ಆ ಸರಣಿಯ ದೊಡ್ಡ ಚಿಪ್ 2.66 ಗಿಗಾಹರ್ಟ್ಸ್‌ಗೆ ಓಡುತ್ತಿತ್ತು. ಅದೇ ವರ್ಷದ ಕೋರ್ 2 ಡ್ಯುಯೊ ಇ8500 ಎರಡೇ ಕೋರ್, ಆದರೆ 3.16 ಗಿಗಾಹರ್ಟ್ಸ್, ಬೆಲೆ ಸುಮಾರು ಹತ್ತನೇ ಒಂದು ಭಾಗ. ಅಂದಿನ ಗೇಮ್‌ಗಳಿಗೆ ಒಂದೆರಡು ಕೋರ್ ಸಾಕು, ಆದರೆ ಅವು ಜೋರಾಗಿ ಓಡಬೇಕು. ಹೀಗಾಗಿ ಆಟಕ್ಕೆ ಅಗ್ಗದ್ದೇ ಸರಿ. ನೂರಾರು ಜನ ಒಟ್ಟಿಗೆ ಬಡಿಯುವ ಡೇಟಾಬೇಸ್‌ಗೆ ಬೆಂಗಳೂರಿನದ್ದೇ ಸರಿ.

ಫ್ಲೋಸಾಲ್ವರ್ ಕಟ್ಟಿದ ಊರಿನಲ್ಲೇ, 2015ರಲ್ಲಿ ಐಐಎಸ್‌ಸಿಗೆ ಸಹಸ್ರಟಿ ಸೂಪರ್ ಕಂಪ್ಯೂಟರ್ ಬಂತು. ಅದರ 1,376 ನೋಡ್‌ಗಳಲ್ಲಿ ತಲಾ ಎರಡು ಜಿಯಾನ್, ಒಂದೊಂದರಲ್ಲಿ 12 ಕೋರ್. ಗುಣಿಸಿ ನೋಡ್ರಿ: 33,024 ಕೋರ್.

ಪೋಸ್ಟ್ 8/9

ಈಗ ನನ್ನ ಮುಂದಿದ್ದ ಹಳೆಯ ಚಿಪ್‌ನ ಜಾತಕ. ಜಿಯಾನ್ ಇ5-2670, ಹುಟ್ಟಿದ್ದು 2012ರ ಮಾರ್ಚ್. 8 ಕೋರ್, 20 ಎಂಬಿ ಕ್ಯಾಶ್, 2.6 ಗಿಗಾಹರ್ಟ್ಸ್, ಜೋರು ಮಾಡಿದರೆ 3.3. ಹುಟ್ಟಿದಾಗ ಬೆಲೆ 1,500 ಡಾಲರ್ ಮೇಲೆ. ನಾಲ್ಕೈದು ವರ್ಷಕ್ಕೆ ಡೇಟಾ ಸೆಂಟರ್‌ಗಳು ಹೊಸದಕ್ಕೆ ಬದಲಾಯಿಸಿದವು. ಹಳೆಯವು ರಾಶಿಗಟ್ಟಲೆ ಹೊರಬಿದ್ದು ನೂರು ಡಾಲರ್‌ಗಿಂತ ಕೆಳಗೆ ಮಾರಿದವು. ಚೀನಾದಲ್ಲಿ ಅವಕ್ಕೆ ಹೊಸ ಬೋರ್ಡು ಮಾಡಿದರು. ನಮ್ಮಂಥ ಹುಡುಗರ ಕೈಗೆ ಸರ್ವರ್ ಚಿಪ್ ಬಂದಿದ್ದು ಹೀಗೆ.

ಅದೇ 2012ರಲ್ಲಿ ಇ3-1230 ವಿ2 ಅನ್ನುವ ಸಣ್ಣ ಜಿಯಾನ್ ಸಾಮಾನ್ಯ ಬೋರ್ಡಿನಲ್ಲೇ ಕೂಡುತ್ತಿತ್ತು. ಐ7ರ ಹತ್ತಿರದ ಶಕ್ತಿ, ಕಡಿಮೆ ಬೆಲೆ. ಗೇಮ್ ಹುಡುಗರು ಮುಗಿಬಿದ್ದರು. 2015ರ ಹೊಸ ಪೀಳಿಗೆಯಲ್ಲಿ ಇಂಟೆಲ್ ಆ ಬಾಗಿಲು ಹಾಕಿತು. ಇ3ಗೆ ಸರ್ವರ್ ಚಿಪ್‌ಸೆಟ್ಟೇ ಬೇಕು ಅಂತ ಮಾಡಿತು.

2017ರಲ್ಲಿ ಎಎಂಡಿ ಆಟವನ್ನೇ ಬದಲಿಸಿತು. 8 ಕೋರ್‌ನ ಒಂದು ಸಿಲಿಕಾನ್ ತುಣುಕು: ಒಂದು ಹಾಕಿದರೆ ರೈಜೆನ್, ನಾಲ್ಕು ಜೋಡಿಸಿದರೆ 32 ಕೋರ್‌ನ ಎಪಿಕ್ ಸರ್ವರ್ ಚಿಪ್. 2022ರ ಮಾರ್ಚ್‌ನಲ್ಲಿ ಕೋರ್ ಮೇಲೆ ಕ್ಯಾಶ್ ಪೇರಿಸಿದ ಸರ್ವರ್ ಚಿಪ್ ಬಂತು. ಮರುತಿಂಗಳೇ ಅದೇ ವಿದ್ಯೆಯಿಂದ 96 ಎಂಬಿ ಕ್ಯಾಶ್‌ನ ರೈಜೆನ್ 7 5800ಎಕ್ಸ್3ಡಿ ಬಂದು ಗೇಮ್ ಹುಡುಗರ ಕಣ್ಮಣಿ ಆಯಿತು. 1995ರಲ್ಲಿ ಸರ್ವರ್‌ಗೆಂದು ದೊಡ್ಡದು ಮಾಡಿದ ಆ ಗೂಡು ಕೊನೆಗೆ ಆಟದ ಮನೆಗೂ ಬಂತು.

ಪೋಸ್ಟ್ 9/9

ಇಷ್ಟು ಓದಿದ ಮೇಲೆ ಅಪ್ಪನ ಪ್ರಶ್ನೆಗೆ ಉತ್ತರ ಬರೆದೆ, ಹಾಳೆಯ ಮೇಲೆ, ಎರಡು ಸಾಲು ಮಾಡಿ.

ಜಿಯಾನ್ ಕಡೆ: 32 ಜಿಬಿ ರ‍್ಯಾಮ್, ಇಸಿಸಿ, ಮೂರು ವರ್ಚುವಲ್ ಮಶೀನ್ ಒಟ್ಟಿಗೆ ಓಡಿಸುವ ಅನುಕೂಲ. ಆದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇರೆ ಕೊಳ್ಳಬೇಕು. ಎವಿಎಕ್ಸ್2 ಅನ್ನುವ ಸೂಚನೆಗಳು ಅದಕ್ಕೆ ಬರೋದಿಲ್ಲ, ಕೆಲವು ಹೊಸ ಗೇಮ್ ಅದಿಲ್ಲದೆ ಶುರುವೇ ಆಗೋದಿಲ್ಲ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಹೆಸರಿಲ್ಲ. 115 ವ್ಯಾಟ್‌ನ ಚಿಪ್, ಹೊಸದು 65. ಜಗ್ಗಿ ಓಡಿಸಿದಾಗ 50 ವ್ಯಾಟ್ ಹೆಚ್ಚು ಅಂತ ಹಿಡಿದರೆ, ದಿನಕ್ಕೆ 6 ತಾಸಿಗೆ ತಿಂಗಳಿಗೆ 9 ಯೂನಿಟ್. ಗೃಹಜ್ಯೋತಿಯ ಮಿತಿ ದಾಟಿದರೆ ಬಿಲ್ಲು ಕೊಡುವವನು ಅಪ್ಪ. ಎಲ್ಲಕ್ಕಿಂತ ದೊಡ್ಡದು ಗ್ಯಾರಂಟಿ. ನಮ್ಮ ಸೀನಿಯರ್ ಒಬ್ಬರ ಇಂಥದೇ ಸೆಟ್ ಮೂರನೇ ತಿಂಗಳಿಗೆ ಬಂದ್ ಬಿತ್ತು. ಮಾರಿದವರು ಫೋನ್ ಎತ್ತಲಿಲ್ಲ. ನನ್ನ ಹತ್ತಿರ ಎರಡನೇ 40,000 ಇರಲಿಲ್ಲ.

ಹುಬ್ಬಳ್ಳಿಗೆ ಹೋಗಿ ರೈಜೆನ್ 5 5600ಜಿ ತಂದೆವು. 6 ಕೋರ್, ಗ್ರಾಫಿಕ್ಸ್ ಒಳಗೇ ಐತಿ, ಬಿಲ್ಲು ಐತಿ. ಕಳಕೊಂಡಿದ್ದೂ ಐತಿ: ಎರಡು ವರ್ಚುವಲ್ ಮಶೀನ್ ಮೇಲೆ ಮೂರನೆಯದು ತೆರೆದರೆ 16 ಜಿಬಿ ತುಂಬಿ ಎಲ್ಲಾ ಕುಂಟುತ್ತದೆ. ಆಗ ತಮ್ಮ "ಅಣ್ಣಾ, ನಿನ್ನ ಪಾಳಿ ಮುಗೀತು, ಏಳು" ಅಂತ ಗೇಮ್‌ಗೆ ಕೂಡುತ್ತಾನೆ. ಮುಂದಿನ ಸುಗ್ಗಿಗೆ ಇನ್ನೊಂದು ರ‍್ಯಾಮ್ ಹಾಕಿಸುವ ವಿಚಾರ ಐತಿ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಜಿಯಾನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಿಮ್ಮ ಹತ್ತಿರ ಗ್ರಾಫಿಕ್ಸ್ ಕಾರ್ಡ್ ಮೊದಲೇ ಇದ್ದು, ಗೇಮ್ ಬೇಡವಾಗಿದ್ದು, ದಿನವಿಡೀ ವಿಡಿಯೊ ರೆಂಡರ್ ಅಥವಾ ವರ್ಚುವಲ್ ಮಶೀನ್ ಕೆಲಸ ಇದ್ದರೆ, ಬೋರ್ಡು ಕೆಟ್ಟರೆ ತಡಕೊಳ್ಳುವ ಶಕ್ತಿಯೂ ಇದ್ದರೆ, ಧೈರ್ಯವಾಗಿ ತಗೋರಿ. ಕೋರ್ ಎಣಿಸೋಕೆ ಮೊದಲು ಕೆಲಸ ಎಣಿಸ್ರಿ, ಅಷ್ಟ.

ಕೊನೆಯ ಫೋಟೊ: ಅದೇ ಪಡಸಾಲಿ, ಅದೇ ಟೇಬಲ್, ಈಗ ಖಾಲಿ ಇಲ್ಲ. ನೀವು ಯಾವುದು ತಗೊಂಡ್ರಿ, ಯಾವ ಕೆಲಸಕ್ಕ ತಗೊಂಡ್ರಿ ಅಂತ ಕಾಮೆಂಟ್‌ನ್ಯಾಗ ಬರೀರಿ. ಕ್ಲಾಸ್ ಗ್ರೂಪಿನ ಆ "8 ಕೋರ್ ಐತಿ" ಮಂದಿಗೂ ಒಮ್ಮೆ ಟ್ಯಾಗ್ ಮಾಡ್ರಿ!

#ದೇವಿಕೊಪ್ಪ #ಕಲಘಟಗಿ #ಕಂಪ್ಯೂಟರ್‌ಇತಿಹಾಸ #ಖಾಲಿಗಾಡಾ